ಸೈಪ್ರಸ್ ಮಂಡಿಗಳನ್ನು ಹುಡುಕಿಕೊಂಡು: ಕೆರೊಲಿನಾದ ಜೌಗಿನಲ್ಲಿ ಐದು ದಿನ

ಮೊದಲನೆಯ ದಿನ

ಮಗಳು ಇರುವ ಊರಿನ ಹೆಸರು ಕೇರಿ. ಉತ್ತರ ಕೆರೊಲಿನಾದ ರಾಜಧಾನಿ ರ‍್ಯಾಲಿಗೆ ಅಂಟಿಕೊಂಡಿರುವ ಈ ಪಟ್ಟಣದ ಹೆಸರನ್ನು ಕನ್ನಡದಲ್ಲಿ ಬರೆದಾಗಲೆಲ್ಲ ನನಗೆ ನಗು ಬರುತ್ತದೆ. ಸಂಜೆ ಅವರ ವಸತಿ ಸಮುಚ್ಚಯದ ಕೊಳದ ಸುತ್ತ ಅಡ್ಡಾಡುವಾಗ ಕಿವಿಗೆ ಬೀಳುವ ಕನ್ನಡವನ್ನು ಲೆಕ್ಕಕ್ಕೆ ಹಿಡಿದರೆ ಹೆಸರೇನೂ ಸುಳ್ಳಲ್ಲ. ನವೆಂಬರ್ ನಡುವಿನ ಆ ಸಂಜೆ ಮಗಳು ಒಂದು ಸಾಲು ಮರಗಳನ್ನು ತೋರಿಸಿ, ಇವೆಲ್ಲ ಒಣಗಿಹೋಗುತ್ತಿವೆಯಲ್ಲ ಎಂದು ಮರುಗಿದಳು. ಸೂಜಿಯಂತಿದ್ದರೂ ಮುಟ್ಟಿದರೆ ಮೃದುವಾದ ಎಲೆಗಳು ಹಕ್ಕಿಯ ಗರಿಯಂತೆ ಕಡ್ಡಿಯ ಎರಡೂ ಬದಿಗೆ ಜೋಡಿಸಿಕೊಂಡಿದ್ದವು. ಬಣ್ಣ ಮಾತ್ರ ಹಳೆಯ ಗುದ್ದಲಿಯ ತುಕ್ಕಿನದು. ಒಂದು ಟೊಂಗೆಯನ್ನು ಬಗ್ಗಿಸಿ ನೋಡಿದ ಮೇಲೆ ಗುರುತು ಹತ್ತಿತು. ಅದು ಟ್ಯಾಕ್ಸೋಡಿಯಂ ಡಿಸ್ಟಿಕಂ, ಇಲ್ಲಿನವರ ಬಾಯಲ್ಲಿ ಬಾಲ್ಡ್ ಸೈಪ್ರಸ್. ಪೈನು, ದೇವದಾರುಗಳಂತೆ ಶಂಕುಧಾರಿಯಾಗಿದ್ದರೂ ಚಳಿಗಾಲ ಬರುತ್ತಿದ್ದಂತೆ ಎಲೆಯನ್ನೆಲ್ಲ ಉದುರಿಸಿ ಬೋಳಾಗಿ ನಿಲ್ಲುವ ಮರ ಇದು. ಸಾಯುತ್ತಿಲ್ಲ, ಬಟ್ಟೆ ಬದಲಿಸುತ್ತಿದೆ ಎಂದು ಮಗಳಿಗೆ ಸಮಾಧಾನ ಹೇಳಿದೆ.

ಆದರೆ ನನ್ನ ಕಣ್ಣು ಆಗಲೇ ಎಲೆಯನ್ನು ಬಿಟ್ಟು ಬುಡಕ್ಕೆ ಹೋಗಿತ್ತು. ಹುಲ್ಲುಹಾಸಿನ ಒಣನೆಲದಲ್ಲಿದ್ದ ಮರಗಳ ಬುಡ ಬರಿದಾಗಿತ್ತು. ಕೊಳದ ಅಂಚಿನ ಹಸಿನೆಲದಲ್ಲಿದ್ದ ಎರಡು ಮರಗಳ ಸುತ್ತ ಮಾತ್ರ ಗೇಣುದ್ದದ ಏಳೆಂಟು ಗಟ್ಟಿ ಮೊಳೆಗಳು ನೆಲದಿಂದ ಎದ್ದಿದ್ದವು. ಹುಲ್ಲು ಕತ್ತರಿಸುವ ಯಂತ್ರ ತಲೆ ಸವರಿಹೋದ ಗಾಯ ಎರಡು ಮೂರಕ್ಕಿತ್ತು. ಇವೇ ಸೈಪ್ರಸ್ ಮಂಡಿಗಳು. ಶಿರಸಿ ಸೀಮೆಯ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಜೀವಶಾಸ್ತ್ರ ಕಲಿಸಿದ ನಾನು ಇವುಗಳ ಚಿತ್ರವನ್ನು ಅಷ್ಟೇ ಸಲ ಕರಿಹಲಗೆಯ ಮೇಲೆ ಬರೆದಿದ್ದೇನೆ. ನೀರಿನ ಒಂದು ಗೆರೆ, ಅದರಿಂದ ಮೇಲೆ ಚಾಚಿದ ನಾಲ್ಕು ಮೊನೆ, ಪಕ್ಕದಲ್ಲಿ ‘ಉಸಿರಾಟದ ಬೇರು’ ಎಂಬ ಹೆಸರು. ಪಾಠ ಅಲ್ಲಿಗೆ ಮುಗಿಯುತ್ತಿತ್ತು. ಬದುಕಿರುವ ಮಂಡಿಯೊಂದನ್ನು ಬೆರಳಿನಿಂದ ಮುಟ್ಟಿದ್ದು ಅಂದೇ ಮೊದಲು.

ಬಗ್ಗಿ ಮುಟ್ಟಿದಾಗ ನೆನಪಾದದ್ದು ನಮ್ಮ ಕತ್ತಲೆಕಾನು. ಜೋಗದ ಕಡೆಯಿಂದ ಹೊನ್ನಾವರಕ್ಕೆ ಇಳಿಯುವ ಹೆದ್ದಾರಿಯ ಮಗ್ಗುಲಲ್ಲಿ, ಸಿದ್ದಾಪುರ ತಾಲೂಕಿನ ಆ ಕಾಡಿನೊಳಗೆ, ನಮ್ಮವರು ರಾಮಪತ್ರೆ ಜಡ್ಡಿ ಎಂದು ಕರೆಯುವ ಜೌಗುಗಳಿವೆ. ಅಲ್ಲಿ ಮಿರಿಸ್ಟಿಕಾ ಮ್ಯಾಗ್ನಿಫಿಕಾ ಎಂಬ ರಾಮಪತ್ರೆಯ ಬಂಧು ಊರುಗೋಲಿನಂಥ ಬೇರುಗಳ ಮೇಲೆ ನಿಂತಿರುತ್ತದೆ. ಅದೇ ಬಳಗದ ಜಿಮ್ನಾಕ್ರಾಂತೆರಾ ಮರದ ಬೇರು ಕೆಸರಿನಿಂದ ಮೇಲೆದ್ದು, ಕಮಾನಿನಂತೆ ಬಾಗಿ, ಮತ್ತೆ ಕೆಸರಿಗೇ ಇಳಿಯುತ್ತದೆ. ಅದನ್ನೂ ನಾವು ಮಂಡಿಬೇರು ಎಂದೇ ಕಲಿಸಿದೆವು. ಕುಕ್ಕರಗಾಲಿನಲ್ಲಿ ಕೂತವನ ಮೊಣಕಾಲಿಗೆ ಆ ಹೆಸರು ಸರಿಯಾಗಿ ಒಪ್ಪುತ್ತದೆ ಕೂಡ. ಕೊಳದ ಅಂಚಿನ ಈ ಮೊಳೆಗಳಲ್ಲಿ ಬಾಗುವಿಕೆಯೇ ಇರಲಿಲ್ಲ. ಇದು ಮೇಲೆದ್ದು ಇಳಿದ ಬೇರಲ್ಲ, ಬೇರಿನ ಬೆನ್ನ ಮೇಲೆ ಎದ್ದ ಹುತ್ತ. ಹೆಸರೊಂದೇ, ವಸ್ತು ಬೇರೆ. ರಾತ್ರಿ ಊಟದ ಹೊತ್ತಿಗೆ ಇದನ್ನು ಹೇಳುತ್ತಿದ್ದಂತೆ ಮಗಳು ನಕಾಶೆ ತೆರೆದು, ತನ್ನ ಉಳಿದ ರಜೆಯನ್ನೆಲ್ಲ ಅಮ್ಮನ ಹುತ್ತಗಳಿಗೆ ಬರೆದುಕೊಟ್ಟಳು.

ಎರಡನೆಯ ದಿನ

ಬೆಳಗಿನ ಜಾವ ಹೊರಟು ಆಗ್ನೇಯಕ್ಕೆ ಎರಡು ಗಂಟೆ ಸಾಗಿದರೆ ಐವನ್‌ಹೋ ಎಂಬ ಸಣ್ಣ ಊರು. ಅದರ ಪಕ್ಕದಲ್ಲಿ ಬ್ಲ್ಯಾಕ್ ರಿವರ್. ಹೆಸರಿಗೆ ತಕ್ಕ ಕಪ್ಪು, ಆದರೆ ಕೊಳಕಿನ ಕಪ್ಪಲ್ಲ: ಬೊಗಸೆಯಲ್ಲಿ ಹಿಡಿದರೆ ಹಾಲು ಹಾಕದ ಚಹಾದ ಬಣ್ಣ. ಎಲೆ, ತೊಗಟೆಗಳು ಕೊಳೆಯುವಾಗ ಬಿಡುವ ಟ್ಯಾನಿನ್ ನೀರಿಗೆ ಈ ಬಣ್ಣ ಕೊಡುತ್ತದೆ. ಮೊದಲೇ ಮಾತಾಡಿಕೊಂಡಿದ್ದ ಮಾರ್ಗದರ್ಶಕರೊಬ್ಬರು ನಮ್ಮಿಬ್ಬರನ್ನು ಎರಡು ಆಸನದ ಕಯಾಕಿನಲ್ಲಿ ಕೂರಿಸಿ, ನನ್ನ ವಯಸ್ಸನ್ನು ನಯವಾಗಿ ವಿಚಾರಿಸಿ, ಹುಟ್ಟನ್ನು ಮಗಳ ಕೈಗೆ ಕೊಟ್ಟರು. ನನಗೆ ಅದರಿಂದ ಅನುಕೂಲವೇ ಆಯಿತು. ನೋಡುವ ಕೆಲಸ ಪೂರ್ತಿಯಾಗಿ ನನ್ನ ಪಾಲಿಗೆ ಬಂತು.

ಒಂದು ಹಂತದ ನಂತರ ನದಿಗೆ ತಾನು ನದಿ ಎಂಬುದು ಮರೆತುಹೋಗುತ್ತದೆ. ದಡ, ಪಾತ್ರ ಎಂಬ ಭೇದ ಕರಗಿ, ನೀರು ನೂರಾರು ಮರಗಳ ನಡುವೆ ಹಂಚಿಹೋಗಿ, ಯಾವ ಕಡೆಗೆ ಹರಿಯುತ್ತಿದೆ ಎಂದು ತಿಳಿಯಲು ತೇಲುವ ಎಲೆಯನ್ನೇ ನೋಡಬೇಕಾಗುತ್ತದೆ. ಥ್ರೀ ಸಿಸ್ಟರ್ಸ್ ಎಂದು ಕರೆಯುವ ಜೌಗು ಇದು. ಇಲ್ಲಿನ ಮರಗಳನ್ನು ಅರ್ಕಾನ್ಸಾ ವಿಶ್ವವಿದ್ಯಾಲಯದ ಡೇವಿಡ್ ಸ್ಟಾಲ್ 1980ರ ದಶಕದಿಂದಲೂ ಅಭ್ಯಾಸ ಮಾಡುತ್ತ ಬಂದವರು. ಕಾಂಡಕ್ಕೆ ಪೆನ್ಸಿಲ್ ದಪ್ಪದ ಟೊಳ್ಳು ಬೈರಿಗೆ ಇಳಿಸಿ, ಮರಕ್ಕೆ ಹಾನಿಯಾಗದಂತೆ ಒಂದು ಸಲಾಕೆಯಷ್ಟು ತಿರುಳು ತೆಗೆದು, ಅದರ ವಾರ್ಷಿಕ ಉಂಗುರಗಳನ್ನು ಎಣಿಸುವುದು ಅವರ ವಿಧಾನ. ಅವರ ತಂಡ 2019ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಇಲ್ಲಿನ ಒಂದು ಮರಕ್ಕೆ ಕನಿಷ್ಠ 2,624 ವರ್ಷ, ಇನ್ನೊಂದಕ್ಕೆ 2,088 ವರ್ಷ. ಪೂರ್ವ ಉತ್ತರ ಅಮೆರಿಕದಲ್ಲಿ ಇದಕ್ಕಿಂತ ಹಳೆಯ ಜೀವಂತ ಮರ ಗೊತ್ತಿಲ್ಲ. ಜೈನ ಸಂಪ್ರದಾಯ ಮಹಾವೀರನ ಜನ್ಮವರ್ಷವೆಂದು ಹೇಳುವ ಕ್ರಿ.ಪೂ. 599ಕ್ಕಿಂತ ಮೊದಲೇ ಈ ಮರ ಇಲ್ಲಿ ಸಸಿಯಾಗಿತ್ತು. ಹಲ್ಮಿಡಿಯ ಕಲ್ಲಿನ ಮೇಲೆ ಕನ್ನಡ ಮೂಡುವ ಹೊತ್ತಿಗೆ ಅದಕ್ಕೆ ಸಾವಿರ ವರ್ಷ ತುಂಬಿತ್ತು.

ಅಂಥ ಮರ ಎಷ್ಟು ಭವ್ಯವಾಗಿರಬಹುದು ಎಂದು ಕಲ್ಪಿಸಿಕೊಂಡು ಬಂದವರಿಗೆ ನಿರಾಸೆ ಖಂಡಿತ. ತುದಿ ಮುರಿದು ಚಪ್ಪಟೆಯಾಗಿ, ಕಾಂಡ ತಿರುಚಿ, ಹೊಟ್ಟೆ ಟೊಳ್ಳಾಗಿ ನಿಂತಿವೆ ಇಲ್ಲಿನ ಹಿರಿಯರು. ದಿಮ್ಮಿಗೆ ಬಾರದ ಈ ವಕ್ರತೆಯೇ ಅವುಗಳನ್ನು ಮರಕಡಿಯುವವರ ಕಣ್ಣಿನಿಂದ ಉಳಿಸಿತು. ಅತ್ಯಂತ ಹಳೆಯ ಮರ ಇದೇ ಎಂದು ಮಾರ್ಗದರ್ಶಕರು ಯಾವುದನ್ನೂ ತೋರಿಸಲಿಲ್ಲ, ನಾವೂ ಒತ್ತಾಯಿಸಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮರಗಳಿಗಿಂತ ಅವುಗಳ ಸುತ್ತಲಿನ ಸಂದಣಿ. ಕೊಳದಂಚಿನ ಗೇಣುದ್ದದ ಮೊಳೆಗಳನ್ನು ಕಂಡಿದ್ದವಳಿಗೆ ಇಲ್ಲಿ ಕಯಾಕಿನಲ್ಲಿ ಕೂತ ನನ್ನ ತಲೆಗಿಂತ ಎತ್ತರದ ಮಂಡಿಗಳು ಎದುರಾದವು. ಒಂದೊಂದೇ ನಿಂತವು ಕೆಲವು, ಬುಡ ಕೂಡಿಕೊಂಡು ನಾಲ್ಕೈದು ತಲೆಯಾದವು ಕೆಲವು, ಒಂದರ ಹೆಗಲ ಮೇಲೆ ಇನ್ನೊಂದು ಎದ್ದವು ಕೆಲವು. ನಾಗಬನದಲ್ಲಿ ತಲೆತಲಾಂತರದಿಂದ ತಂದು ನಿಲ್ಲಿಸಿದ ಕಲ್ಲುಗಳು ಸಾಲು ತಪ್ಪಿ ವಾಲಿ ನಿಂತಂತೆ ಕಾಣುತ್ತದೆ ಇಡೀ ನೋಟ. ತುದಿ ಮಾತ್ರ ಎಲ್ಲದಕ್ಕೂ ದುಂಡಗೆ, ನಯವಾಗಿ, ತೊಗಟೆ ತೆಳುವಾಗಿ ಕೆಂಪುಗಂದು. ಬುಡದ ತೊಗಟೆ ಒರಟು, ನಾರುನಾರು. ಬೆಳವಣಿಗೆ ತುದಿಯಲ್ಲಿ ಇನ್ನೂ ನಡೆಯುತ್ತಿದೆ ಎಂಬುದಕ್ಕೆ ಆ ಬಣ್ಣವೇ ಸಾಕ್ಷಿ.

ಮಧ್ಯಾಹ್ನ ವಿಲ್ಮಿಂಗ್ಟನ್ ಮಾರ್ಗವಾಗಿ ಕರಾವಳಿಯ ಹೆದ್ದಾರಿ 17ನ್ನು ಹಿಡಿದು ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಕಡೆಗೆ ಇಳಿದೆವು. ದಾರಿಬದಿಯ ಅಂಗಡಿಯೊಂದರಲ್ಲಿ ಮಂಡಿಗಳನ್ನು ಕೊಯ್ದು, ತೊಗಟೆ ಸುಲಿದು, ಮೆರುಗು ಬಳಿದು ಮಾರಾಟಕ್ಕೆ ಇಟ್ಟಿದ್ದರು; ಕೆಲವಕ್ಕೆ ಗಡ್ಡದ ಮುಖ ಕೆತ್ತಿ ಸಾಂಟಾ ಕ್ಲಾಸ್ ಮಾಡಿದ್ದರು, ಕೆಲವು ದೀಪದ ಕಂಬಗಳಾಗಿದ್ದವು. ಇದು ಇಲ್ಲಿ ಹಳೆಯ ಚಟ. ಫ್ಲೋರಿಡಾದ ಪಾಮ್‌ಡೇಲಿನಲ್ಲಿ ಟಾಮ್ ಗ್ಯಾಸ್ಕಿನ್ಸ್ ಎಂಬಾತ ಮಂಡಿಗಳದೇ ಒಂದು ಸಂಗ್ರಹಾಲಯವನ್ನು ಬಹುಕಾಲ ನಡೆಸಿದ್ದ. ಈಗ ಅದು ಮುಚ್ಚಿದೆ. ಮುಖ ಕೆತ್ತಿದ ಮಂಡಿ ನನಗೆ ಸೇರಲಿಲ್ಲ. ಅಂಗಡಿಯ ಮೂಲೆಯಲ್ಲಿ ಬೇರಿನ ತುಂಡಿನ ಸಮೇತ ಉದ್ದಕ್ಕೆ ಸೀಳಿದ ಒಂದು ಮಂಡಿ ಬಿದ್ದಿತ್ತು, ಅದರ ಮುಂದೆ ಮಾತ್ರ ಕಾಲು ಗಂಟೆ ನಿಂತೆ. ಕೆಳಗಿನ ಬೇರು ನೆಟ್ಟಗೆ ಅಡ್ಡಲಾಗಿ ಸಾಗಿತ್ತು, ಎಲ್ಲಿಯೂ ಮೇಲಕ್ಕೆ ಬಾಗಿರಲಿಲ್ಲ. ಅದರ ಮೇಲ್ಮಗ್ಗುಲಲ್ಲಿ ಮಾತ್ರ ಉಂಗುರಗಳು ದಪ್ಪವಾಗುತ್ತ, ಪದರದ ಮೇಲೆ ಪದರ ಕೂತು ಗೋಪುರವಾಗಿದ್ದವು. ಕೆಳಮಗ್ಗುಲಿನ ಉಂಗುರಗಳು ಕೂದಲೆಳೆಯಷ್ಟು ಸಣಕಲು. ಮರವನ್ನು ದಪ್ಪವಾಗಿಸುವ ಕ್ಯಾಂಬಿಯಂ ಪದರ ಬೇರಿನ ಬೆನ್ನಿನಲ್ಲಿ ಒಂದೇ ಜಾಗದಲ್ಲಿ ವರ್ಷವರ್ಷವೂ ಅತಿಯಾಗಿ ದುಡಿದುದರ ಫಲ ಅದು. ನಿನ್ನೆ ಹುತ್ತವೆಂದದ್ದು ತಪ್ಪಾಗಿರಲಿಲ್ಲ. ಕತ್ತಲೆಕಾನಿನ ಬೇರು ಬಾಗಿ ಮಂಡಿಯಾಗುತ್ತದೆ, ಇಲ್ಲಿಯದು ಬಾಗದೆಯೇ ಮಂಡಿ ಬೆಳೆಸುತ್ತದೆ.

ಕೊಳ್ಳಲಿಲ್ಲ. ಮರದ ತುಂಡನ್ನು ಊರಿಗೆ ಒಯ್ಯುವ ತಾಪತ್ರಯ ಒಂದಾದರೆ, ಯಾವ ಜೌಗಿನಿಂದ ಕೊಯ್ದದ್ದೆಂದು ಕೇಳಿದ್ದಕ್ಕೆ ಅಂಗಡಿಯವರು ಹವಾಮಾನದ ಮಾತು ತೆಗೆದದ್ದು ಇನ್ನೊಂದು.

ಮೂರನೆಯ ದಿನ

ಚಾರ್ಲ್ಸ್‌ಟನ್ನಿನಿಂದ ವಾಯವ್ಯಕ್ಕೆ ಒಂದು ಗಂಟೆಯ ದಾರಿ, ಹಾರ್ಲಿವಿಲ್ ಸಮೀಪ, ಫೋರ್ ಹೋಲ್ಸ್ ಎಂಬ ಜೌಗಿನೊಳಗೆ ಫ್ರಾನ್ಸಿಸ್ ಬೈಡ್ಲರ್ ಅರಣ್ಯ. ಆಡುಬಾನ್ ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ. ಬೈಡ್ಲರ್ ಎಂಬಾತ ಶಿಕಾಗೋದ ಮರದ ವ್ಯಾಪಾರಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈ ಸೀಮೆಯ ಸೈಪ್ರಸ್ ಕಾಡುಗಳನ್ನು ಭಾರಿ ಪ್ರಮಾಣದಲ್ಲಿ ಕೊಂಡವನು. ಹಸಿ ಸೈಪ್ರಸ್ ನೀರಿನಲ್ಲಿ ಮುಳುಗುವುದರಿಂದ ಮೊದಲು ಕಾಂಡದ ಸುತ್ತ ತೊಗಟೆ ಕೆತ್ತಿ, ಮರವನ್ನು ನಿಂತಲ್ಲೇ ಒಣಗಿಸಿ, ಆಮೇಲೆ ಕಡಿದು ತೇಲಿಬಿಡುವುದು ಅಂದಿನ ಪದ್ಧತಿ. ಹಾಗೆ ಒಣಗಿಸಿದ ಮೇಲೂ ಎಷ್ಟೋ ದಿಮ್ಮಿ ತಳ ಸೇರುತ್ತಿದ್ದವು. ವ್ಯಾಪಾರ ಗಿಟ್ಟದೆ ಕೆಲವು ಕಡೆ ಕೊಡಲಿ ನಿಂತಿತು, ನಿಂತಲ್ಲಿ ಕಾಡು ಉಳಿಯಿತು. ಕಡಿಯಲೆಂದೇ ಕೊಂಡವನ ಹೆಸರಿನಲ್ಲಿ ಇಂದು ಕಡಿಯದ ಕಾಡು ನಿಂತಿದೆ. ಇತಿಹಾಸಕ್ಕೂ ಕುಚೋದ್ಯ ಗೊತ್ತಿದೆ.

ಸುಮಾರು 2.8 ಕಿಲೋಮೀಟರಿನ ಮರದ ಹಲಗೆಯ ಹಾದಿ ಜೌಗಿನ ಮೇಲೇ ಸಾಗುತ್ತದೆ. ಸಾವಿರ ವರ್ಷ ದಾಟಿದ ಸೈಪ್ರಸ್‌ಗಳು ಇಲ್ಲಿ ನೆಟ್ಟಗೆ, ನಾನು ನಿನ್ನೆ ಕಾಣದ ಭವ್ಯತೆಯಲ್ಲಿ ನಿಂತಿವೆ. ಮಳೆ ಕಡಿಮೆಯಾದ ಕಾಲವಾದ್ದರಿಂದ ನೀರು ತಗ್ಗಿ, ಮಂಡಿಗಳು ಬುಡದವರೆಗೆ ಕಾಣುತ್ತಿದ್ದವು. ಒಂದು ಹಳೆಯ ಮಂಡಿ ಟೊಳ್ಳಾಗಿ ಮಗ್ಗುಲಲ್ಲಿ ತೂತು ಬಿದ್ದಿತ್ತು. ಪ್ರೊಥೊನೊಟರಿ ವಾರ್ಬ್ಲರ್ ಎಂಬ ಅರಿಶಿನ ಬಣ್ಣದ ಪುಟ್ಟ ಹಕ್ಕಿ ವಸಂತದಲ್ಲಿ ದಕ್ಷಿಣದಿಂದ ಬಂದು ಇಂಥ ಪೊಟರೆಗಳಲ್ಲಿ ಗೂಡು ಕಟ್ಟುತ್ತದೆ. ನವೆಂಬರಿನಲ್ಲಿ ಅದು ಇಲ್ಲಿರುವುದಿಲ್ಲ. 1791ರಲ್ಲಿ ತನ್ನ ಪ್ರವಾಸದ ಪುಸ್ತಕ ಪ್ರಕಟಿಸಿದ ವಿಲಿಯಂ ಬಾರ್ಟ್ರಂ, ಟೊಳ್ಳು ಮಂಡಿಗಳು ಜೇನು ಸಾಕಲು ಚೆನ್ನಾಗಿ ಒದಗುತ್ತವೆ ಎಂದು ಬರೆದಿದ್ದಾನೆ. ಅಡಕೆಯ ತೋಟದ ಅಂಚಿನಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇಟ್ಟು ಬೆಳೆದ ನನಗೆ ಈ ಮಾಹಿತಿ ಎಲ್ಲಕ್ಕಿಂತ ಹಿತವಾಯಿತು.

ಹಾದಿಯಲ್ಲಿ ಜೊತೆಗೂಡಿದ ಒಬ್ಬ ಸ್ವಯಂಸೇವಕರನ್ನು, ಮಂಡಿ ಯಾತಕ್ಕೆ ಎಂದು ನಾನು ಸಹಜವಾಗಿ ಕೇಳಿದೆ. ಉತ್ತರ ಗೊತ್ತಿದ್ದೇ ಕೇಳುವ ಮೇಷ್ಟರ ಚಾಳಿ ಅದು. ಆತ ನಕ್ಕು, ನಿಮಗೆ ಎಷ್ಟು ಹೊತ್ತಿದೆ ಎಂದು ತಿರುಗಿ ಕೇಳಿದರು. ಆಮೇಲಿನ ಒಂದು ಗಂಟೆಯಲ್ಲಿ ಆತ ಹೇಳಿದ್ದನ್ನೂ ರಾತ್ರಿ ತಂಗಿದಲ್ಲಿ ಮಗಳ ಲ್ಯಾಪ್‌ಟಾಪಿನಲ್ಲಿ ನಾನು ಓದಿಕೊಂಡದ್ದನ್ನೂ ಕೂಡಿಸಿ ಬರೆಯುತ್ತಿದ್ದೇನೆ.

ಫ್ರೆಂಚ್ ಸಸ್ಯಶಾಸ್ತ್ರಜ್ಞ ಫ್ರಾಂಸ್ವಾ ಆಂದ್ರೆ ಮಿಶೋ 1819ರಲ್ಲಿ ಇಂಗ್ಲಿಷಿನಲ್ಲಿ ಬಂದ ತನ್ನ ಮರಗಳ ಗ್ರಂಥದಲ್ಲಿ, ಈ ಮಂಡಿಗಳ ಇರುವಿಕೆಗೆ ಕಾರಣವೊಂದನ್ನೂ ಹೇಳಲಾಗದು ಎಂದು ಬರೆದು ಕೈಚೆಲ್ಲಿದ್ದ. ಅವನ ನಂತರದವರು ಹಾಗೆ ಸುಮ್ಮನಿರಲಿಲ್ಲ. ಹಾರ್ವರ್ಡಿನ ಭೂವಿಜ್ಞಾನಿ ನಥಾನಿಯಲ್ ಶೇಲರ್ 1887ರಲ್ಲಿ, ಕೆಸರಿನಲ್ಲಿ ಹುಗಿದ ಬೇರಿಗೆ ಗಾಳಿ ಒದಗಿಸುವುದೇ ಮಂಡಿಯ ಕೆಲಸ ಎಂದು ವಾದಿಸಿದ. ಮಂಡಿಗಳು ಪೂರ್ತಿ ಮುಳುಗಿಹೋದ ಕಡೆ ಮರಗಳು ಸಾಯುತ್ತವೆ ಎಂಬುದು ಅವನ ವಾದದ ಊರುಗೋಲು. ನಾನು ಕಲಿಸಿದ್ದು ಈ ಶೇಲರನ ಪಾಠವನ್ನೇ, ಅವನ ಹೆಸರು ತಿಳಿಯದೆ. ಮೂರೇ ವರ್ಷದ ನಂತರ ರಾಬರ್ಟ್ ಲ್ಯಾಂಬೋರ್ನ್, ಅದು ಉಸಿರಿಗಲ್ಲ, ಮೆತ್ತನೆಯ ನೆಲದಲ್ಲಿ ಬೇರನ್ನು ಗಟ್ಟಿಗೊಳಿಸಿ ಬಿರುಗಾಳಿಗೆ ಮರ ಉರುಳದಂತೆ ಹಿಡಿಯುವ ಲಂಗರು ಎಂದ. ಬಿರುಗಾಳಿಯ ಮಾತು ಇಲ್ಲಿ ಬರೀ ತರ್ಕವಲ್ಲ. 1989ರಲ್ಲಿ ಹ್ಯೂಗೊ ಚಂಡಮಾರುತ ಈ ಸೀಮೆಯ ಮೇಲೆ ಹಾದು ಓಕ್ ಮೊದಲಾದ ಎಷ್ಟೋ ಮರಗಳನ್ನು ಕೆಡವಿದಾಗಲೂ ಜೌಗಿನ ಸೈಪ್ರಸ್‌ಗಳು ಬಹುಮಟ್ಟಿಗೆ ನಿಂತೇ ಇದ್ದವು. ಆದರೆ ಮಂಡಿಯೇ ಇಲ್ಲದ ಸೈಪ್ರಸ್‌ಗಳೂ ಗಾಳಿಗೆ ಜಗ್ಗುವುದಿಲ್ಲ. ಹಾಗೆಯೇ ಆಳದ ನಿಂತ ನೀರಿನಲ್ಲಿ ಮಂಡಿಯೇ ಇಲ್ಲದೆ ಸೊಂಪಾಗಿರುವ ಸೈಪ್ರಸ್‌ಗಳೂ ಉಂಟು. ಎರಡೂ ವಾದಕ್ಕೆ ಹೀಗೆ ಒಂದೊಂದು ಮುಳ್ಳು.

ನಿಜವಾದ ಪೆಟ್ಟು ಬಿದ್ದದ್ದು 1952ರಲ್ಲಿ, ಅದೂ ಮಗಳ ಮನೆಯಿಂದ ಅರ್ಧ ಗಂಟೆ ದೂರದ ಡ್ಯೂಕ್ ವಿಶ್ವವಿದ್ಯಾಲಯದ ಪಾಲ್ ಕ್ರೇಮರ್ ಮತ್ತು ಜೊತೆಗಾರರ ಕೈಯಿಂದ. ಮಂಡಿಗಳಿಗೆ ಗಾಳಿಯಾಡದ ಡಬ್ಬಿ ತೊಡಿಸಿ ಅವು ಎಳೆದುಕೊಳ್ಳುವ ಆಮ್ಲಜನಕವನ್ನು ಅಳೆದು ನೋಡಿದ ಅವರು, ಬೇರಿಗೆ ಗಾಳಿ ಒದಗಿಸುವುದರಲ್ಲಿ ಮಂಡಿಗೆ ಹೇಳಿಕೊಳ್ಳುವಂಥ ಪಾತ್ರವೇನೂ ಇಲ್ಲ ಎಂಬ ತೀರ್ಮಾನಕ್ಕೆ ಬಂದರು. ಅಂಗರಚನೆಯೂ ಅವರ ಪರ. ಕುಮಟಾ ಬಳಿ ಅಘನಾಶಿನಿಯ ಅಳಿವೆಯಲ್ಲಿ ಕಾಂಡ್ಲಾ ಕಾಡಿನ ಉಪ್ಪಟ್ಟಿ ಮರದ ಕೆಳಗೆ ಪೆನ್ಸಿಲ್ಲುಗಳಂತೆ ಎದ್ದಿರುವ ಬೇರುಗಳನ್ನು ನಾನು ಮಕ್ಕಳಿಗೆ ಕೊಯ್ದು ತೋರಿಸಿದ್ದೇನೆ: ಹೊರಗೆ ಕಣ್ಣಿಗೆ ಕಾಣುವ ಉಸಿರುರಂಧ್ರಗಳು, ಒಳಗೆ ಗಾಳಿ ತುಂಬಿದ ಬೆಂಡಿನಂಥ ಅಂಗಾಂಶ. ಉಸಿರಾಟದ ಬೇರು ಎಂದರೆ ಅದು. ಸೈಪ್ರಸ್ ಮಂಡಿಯಲ್ಲಿ ಆ ರಂಧ್ರವೂ ಇಲ್ಲ, ಆ ಬೆಂಡೂ ಇಲ್ಲ. ನಿನ್ನೆ ಅಂಗಡಿಯಲ್ಲಿ ಸೀಳಿ ಬಿದ್ದಿದ್ದ ಮಂಡಿಯ ಮುಂದೆ ಕಾಲು ಗಂಟೆ ನಿಂತರೂ ಈ ಕೊರತೆ ನನ್ನ ಕಣ್ಣಿಗೆ ಬೀಳಲಿಲ್ಲ. ಕರಿಹಲಗೆಯ ಮೇಲಿನ ಹೆಸರು ಕಣ್ಣನ್ನು ಕಟ್ಟಿಬಿಟ್ಟಿತ್ತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಮೂವತ್ತೊಂದು ವರ್ಷ ಸುಳ್ಳು ಹೇಳಿದೆ ಎಂದು ಒಪ್ಪಿಕೊಂಡು ಮಲಗಬಹುದಿತ್ತು. ಆದರೆ 2015ರಲ್ಲಿ ಕ್ರೇಗ್ ಮಾರ್ಟಿನ್ ಮತ್ತು ಸಾರಾ ಫ್ರಾಂಕಿ ಬೇರಿನ ಒಳಗಿನ ಆಮ್ಲಜನಕವನ್ನೇ ನೇರವಾಗಿ ಅಳೆದ ಅಧ್ಯಯನವೊಂದನ್ನು ಪ್ರಕಟಿಸಿದರು. ಮಂಡಿಗೆ ಗಾಳಿ ತಾಗದಂತೆ ಮಾಡಿದಾಗ ಕೆಳಗಿನ ಬೇರಿನಲ್ಲಿ ಆಮ್ಲಜನಕ ಇಳಿಯಿತು ಎಂದು ಅದು ಹೇಳುತ್ತದೆ. ಶೇಲರ್ ಮತ್ತೆ ಎದ್ದು ಕೂತ. ಇದರ ನಡುವೆ ಮಂಡಿಯಲ್ಲಿ ಪಿಷ್ಟ ಶೇಖರವಾಗಿರುವುದನ್ನು ಕಂಡು ಅದು ಮರದ ಕಣಜ ಎಂದವರಿದ್ದಾರೆ. ಮಂಡಿಯಿಂದ ಹೊಸ ಮರ ಚಿಗುರುತ್ತದೆ ಎಂದು ಊಹಿಸಿದವರೂ ಇದ್ದರು. ಹಾಗೆ ಚಿಗುರಿದ್ದನ್ನು ಕಂಡವರಿಲ್ಲ.

ಮಧ್ಯಾಹ್ನದ ಹೊತ್ತಿಗೇ ಮೋಡ ಕವಿದಿತ್ತು. ಹಾದಿ ಮುಗಿಸಿ ಕಾರು ಸೇರುವಷ್ಟರಲ್ಲಿ ಮಳೆ ಹಿಡಿಯಿತು, ರಾತ್ರಿಯಿಡೀ ಬಿಡಲಿಲ್ಲ.

ನಾಲ್ಕನೆಯ ದಿನ

ಮಳೆ ಬೆಳಗ್ಗೆ ನಿಂತಿತ್ತು. ಕೊಲಂಬಿಯಾ ನಗರದ ಆಗ್ನೇಯಕ್ಕಿರುವ ಕಾಂಗರೀ ರಾಷ್ಟ್ರೀಯ ಉದ್ಯಾನವನ್ನು ಹತ್ತೂವರೆಗೆ ಸೇರಿದೆವು. ಇದನ್ನು ಜೌಗು ಎನ್ನುವುದು ವಾಡಿಕೆಯಾದರೂ, ಸರಿಯಾಗಿ ಹೇಳಬೇಕೆಂದರೆ ಇದು ನೆರೆಬಯಲಿನ ಕಾಡು: ಬ್ರಾಡ್ ಮತ್ತು ಸಲೂಡ ನದಿಗಳು ಕೊಲಂಬಿಯಾದಲ್ಲಿ ಕೂಡಿ ಕಾಂಗರೀ ಆಗುತ್ತವೆ, ಮೇಲಣ ಬೆಟ್ಟಸೀಮೆಯಲ್ಲಿ ಮಳೆಯಾದಾಗ ಈ ನದಿ ದಡ ಮೀರಿ ಕಾಡಿನೊಳಗೆ ಹರಡಿ, ಕೆಲವು ದಿನಗಳಲ್ಲಿ ಹಿಂದೆ ಸರಿಯುತ್ತದೆ. ವರ್ಷಕ್ಕೆ ಹೀಗೆ ಹತ್ತರಷ್ಟು ಸಲ ಆಗುವುದುಂಟು. ಇಲ್ಲಿನ ಮರಗಳ ಮೇಲೂ ಬೈಡ್ಲರ್ ಕುಟುಂಬದ ಒಡೆತನವಿತ್ತು. 1950ರ ದಶಕದಿಂದ ಹ್ಯಾರಿ ಹ್ಯಾಂಪ್ಟನ್ ಎಂಬ ಪತ್ರಕರ್ತ ಇದನ್ನು ಉಳಿಸಬೇಕೆಂದು ಬರೆಯುತ್ತ ಬಂದ. 1976ರಲ್ಲಿ ಇದು ರಾಷ್ಟ್ರೀಯ ಸ್ಮಾರಕವಾಯಿತು, 2003ರಲ್ಲಿ ರಾಷ್ಟ್ರೀಯ ಉದ್ಯಾನ. ಸಂದರ್ಶಕ ಕೇಂದ್ರಕ್ಕೆ ಅವನದೇ ಹೆಸರು. ಅದರ ಗೋಡೆಯ ಮೇಲೆ ಸೊಳ್ಳೆಗಳ ಕಾಟವನ್ನು ತೋರಿಸುವ ಒಂದು ಮಾಪಕವಿದ್ದು, ಅದರ ಕೊನೆಯ ಹಂತಕ್ಕೆ ಯುದ್ಧಭೂಮಿ ಎಂದು ಹೆಸರಿಟ್ಟಿದ್ದಾರೆ. ನಾವು ಹೋದ ದಿನ ಮುಳ್ಳು ತಳದಲ್ಲಿತ್ತು. ಉಂಬಳದ ಸೀಮೆಯಿಂದ ಬಂದವಳಿಗೆ ಅದೊಂದು ಬೇಸರವೇ.

ಸುಮಾರು ನಾಲ್ಕು ಕಿಲೋಮೀಟರಿನ ಹಲಗೆಯ ಹಾದಿ ಇಲ್ಲಿ ಎರಡು ಮಟ್ಟದಲ್ಲಿದೆ: ಸ್ವಲ್ಪ ದೂರ ಆಳೆತ್ತರದಲ್ಲಿ, ಸ್ವಲ್ಪ ದೂರ ನೆಲಕ್ಕೆ ತಾಗಿದಂತೆ. ತಗ್ಗಿನ ಹಾದಿ ಮಂಡಿಗಳ ಸಂತೆಯ ನಡುವೆಯೇ ಹೋಗುತ್ತದೆ. ಎರಡು ಹಾದಿ ಕೂಡುವ ಕಡೆ, ಕೈಗೆಟಕುವಷ್ಟು ಹತ್ತಿರದಲ್ಲಿದ್ದ ಆರು ಮಂಡಿಗಳನ್ನು ನನ್ನ ಚೀಲದಲ್ಲಿದ್ದ ದರ್ಜಿಯ ಟೇಪಿನಿಂದ, ಹಾದಿಯಿಂದ ಕೆಳಗಿಳಿಯದೆ ಬಗ್ಗಿ ಅಳೆದೆ. ಮಗಳು ಸೆಂಟಿಮೀಟರಿನಲ್ಲಿ ಬರೆದುಕೊಂಡಳು: 62, 66, 58, 64, 67, 31. ಒಂದು ಗಿಡ್ಡನನ್ನು ಬಿಟ್ಟರೆ ಉಳಿದ ಐದು ಒಂದೇ ಮನೆಯ ಮಕ್ಕಳ ಎತ್ತರ. ತಲೆಯೆತ್ತಿ ನೋಡಿದಾಗ ಪಕ್ಕದ ಕಾಂಡಗಳ ಮೇಲೆ ಹಾವಸೆಯ ಬಣ್ಣ ಬದಲಾಗುವ ಒಂದು ಅಡ್ಡಗೆರೆ ಕಂಡಿತು. ನೆರೆಯ ನೀರು ವರ್ಷವರ್ಷವೂ ಬಂದು ನಿಂತುಹೋದ ಗುರುತು. ಟೇಪು ಅಲ್ಲಿಗೆ ತಲುಪಲಿಲ್ಲ, ಕಣ್ಣಳತೆಯಲ್ಲಿ ಅದು ಆ ಐದು ಮಂಡಿಗಳ ತುದಿಗೆ ಹೆಚ್ಚುಕಡಿಮೆ ಸಮ.

ಇದು ನನ್ನ ಶೋಧವಲ್ಲ. ಫ್ಲೋರಿಡಾದಲ್ಲಿ ಕುರ್ಟ್ಜ್ ಮತ್ತು ಡಿಮಾರೀ ಎಂಬಿಬ್ಬರು 1934ರಲ್ಲಿಯೇ, ಮಂಡಿಯ ಎತ್ತರವನ್ನು ನಿರ್ಧರಿಸುವುದು ನೀರಿನ ಏರಿಳಿತ ಎಂದು ತೋರಿಸಿದ್ದರು. ನೀರೂ ಗಾಳಿಯೂ ಸರದಿಯ ಮೇಲೆ ತಾಗುವ ಮಟ್ಟದಲ್ಲಿ ಕ್ಯಾಂಬಿಯಂ ಚುರುಕಾಗುತ್ತದೆ. ಸದಾ ಮುಳುಗಿದ್ದರೆ ಗಾಳಿಯಿಲ್ಲ, ಸದಾ ಒಣಗಿದ್ದರೆ ನೀರಿಲ್ಲ. ಮೊದಲ ದಿನ ಕೊಳದಂಚಿನ ಎರಡು ಮರಗಳಿಗೆ ಮಂಡಿ ಇದ್ದು, ಹುಲ್ಲುಹಾಸಿನ ಮರಗಳಿಗೆ ಇಲ್ಲದಿದ್ದುದು ನನಗೆ ಈಗ ಸರಿಯಾಗಿ ಕೂತಿತು. ಬ್ಲ್ಯಾಕ್ ರಿವರಿನಲ್ಲಿ ನನ್ನ ತಲೆ ಮೀರಿದ ಮಂಡಿಗಳನ್ನು ಕಂಡಾಗ ಆ ನದಿ ಎಷ್ಟು ಏರಬಲ್ಲದು ಎಂದು ಯೋಚಿಸಬೇಕಿತ್ತು, ಯೋಚಿಸಿರಲಿಲ್ಲ.

ಆದರೆ ಹೇಗೆ ಹುಟ್ಟುತ್ತದೆ ಎಂಬುದು ಬೇರೆ, ಯಾತಕ್ಕೆ ಇದೆ ಎಂಬುದು ಬೇರೆ. ಮೊದಲನೆಯದಕ್ಕೆ ನೀರಿನ ಗೆರೆ ಉತ್ತರ ಕೊಡುತ್ತದೆ, ಎರಡನೆಯದಕ್ಕೆ ಇಲ್ಲ. ಬೇರಿನ ಬೆನ್ನು ಗಾಳಿ ಸಿಕ್ಕಲ್ಲಿ ಉಬ್ಬಿತು ಎಂದಮಾತ್ರಕ್ಕೆ ಆ ಉಬ್ಬಿನಿಂದ ಮರಕ್ಕೆ ಉಪಕಾರವಿರಲೇಬೇಕೆಂದೇನೂ ಇಲ್ಲ. ತರಗತಿಯಲ್ಲಿ ಈ ಎರಡನ್ನೂ ನಾನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಿದ್ದೆ. ಯಾತಕ್ಕೂ ಅಲ್ಲದ ಅಂಗವೂ ಇರಬಹುದು ಎಂದು ಒಬ್ಬ ವಿದ್ಯಾರ್ಥಿ ಎದ್ದು ಹೇಳಿದ್ದರೆ ಅಂದು ಅವನನ್ನು ಕೂರಿಸಿಬಿಡುತ್ತಿದ್ದೆ.

ಹಾದಿಯ ಕೆಳಗಿನ ಕೆಸರನ್ನು ಬಗ್ಗಿ ನೋಡುತ್ತ ಬಹಳ ಹೊತ್ತು ನಿಂತೆ. ಡೊರೋವನ್ ಎಂದು ಹೆಸರಿರುವ ಈ ಕಪ್ಪು ರಾಡಿ ಎಂಟು ಅಡಿಯಷ್ಟು ದಪ್ಪವಿದೆ. ಹಳೆಯ ಎಲೆ ಮತ್ತು ಜೇಡಿ ಕೂಡಿ ಆದದ್ದು. ಇದರೊಳಗೆ ಬೇರೊಂದು ಉಸಿರಿಗಾಗಿ ಮೇಲೆ ಬಂದಿರಬಹುದು ಎಂದು ಮೊದಲು ಊಹಿಸಿದವನನ್ನು ನಾನು ತಪ್ಪೆನ್ನಲಾರೆ. ಹೊತ್ತು ಇಳಿಯುವಾಗ ಉದ್ಯಾನದ ಸಿಬ್ಬಂದಿಯೊಬ್ಬರು, ಮೇಲೆ ಜೋರು ಮಳೆಯಾಗಿದೆ, ನಾಳೆ ನೀರು ಬರಬಹುದು ಎಂದರು. ಆ ಸಂಜೆ ಕೇರಿಗೆ ಹೊರಡಬೇಕೆಂದಿದ್ದ ನಾವು ಕೊಲಂಬಿಯಾದಲ್ಲಿಯೇ ಉಳಿದೆವು.

ಐದನೆಯ ದಿನ

ಬೆಳಗ್ಗೆ ಏಳೂವರೆಗೆ ಹೋದಾಗ ತಗ್ಗಿನ ಹಾದಿಗೆ ಸರಪಳಿ ಬಿದ್ದಿತ್ತು. ಎತ್ತರದ ಹಾದಿ ತೆರೆದಿತ್ತು. ನಿನ್ನೆ ಒಣಎಲೆ ಹಾಸಿದ್ದ ನೆಲದ ಮೇಲೆ ಕಂದು ನೀರು ಸದ್ದಿಲ್ಲದೆ ಹರಡಿಕೊಂಡು, ತುಕ್ಕು ಬಣ್ಣದ ಸೂಜಿಯೆಲೆಗಳ ಚಾಪೆಯನ್ನು ಹೊತ್ತುಕೊಂಡು ಮರಗಳ ನಡುವೆ ನಿಧಾನವಾಗಿ ಸರಿಯುತ್ತಿತ್ತು. ಹರಿವಿನ ಸಪ್ಪಳವೇ ಇಲ್ಲದ ನೆರೆಯನ್ನು ನಾನು ನೋಡಿದ್ದು ಇದೇ ಮೊದಲು; ನಮ್ಮಲ್ಲಿ ಹೊಳೆ ಏರಿದರೆ ಮನೆಯೊಳಗೆ ಮಾತು ಕೇಳಿಸುವುದಿಲ್ಲ.

ಎರಡು ಹಾದಿ ಕೂಡುವ ಜಾಗಕ್ಕೆ ಬಂದು ಕಟಕಟೆಗೆ ಆತು ಕೆಳಗೆ ನೋಡಿದೆವು. ಆರು ಮಂಡಿಗಳಲ್ಲಿ ಐದು ಕಾಣುತ್ತಿದ್ದವು. 31 ಸೆಂಟಿಮೀಟರಿನ ಗಿಡ್ಡ ಮುಳುಗಿದ್ದ. ಉಳಿದ ಐದರ ದುಂಡು ತಲೆಗಳು ಹತ್ತು ಹನ್ನೆರಡು ಸೆಂಟಿಮೀಟರಿನಷ್ಟು ನೀರಿನ ಮೇಲಿದ್ದವು, ಒಂದು ಮಾತ್ರ ಅದಕ್ಕಿಂತ ಕೆಳಗೆ. ಅದು ಮಗಳ ಪಟ್ಟಿಯ ಪ್ರಕಾರ 58ರದು. ಎಲೆಯ ಚಾಪೆ ಬಂದು ಅವುಗಳಿಗೆ ತಾಗಿ, ಎರಡಾಗಿ ಒಡೆದು, ಆಚೆ ಮತ್ತೆ ಕೂಡಿಕೊಳ್ಳುತ್ತಿತ್ತು. ಒಂದರ ತುದಿಯ ಮೇಲೆ ಹಸಿರು ಅನೋಲ್ ಹಲ್ಲಿಯೊಂದು ನೆಲ ಕಳೆದುಕೊಂಡು ಕೂತಿತ್ತು.

ಹಾಗಾದರೆ ಈಗ ಇವು ಉಸಿರಾಡುತ್ತಿವೆಯೇ ಎಂದು ಮಗಳು ಕೇಳಿದಳು. ಕಾಣುವುದನ್ನೇ ನಂಬುವುದಾದರೆ ಹೌದು ಎನ್ನಬೇಕು, ಅಷ್ಟು ಕರಾರುವಾಕ್ಕಾಗಿ ತಲೆಯೆತ್ತಿ ನಿಂತಿದ್ದವು; ನೀರಿನ ಮಟ್ಟಕ್ಕೆ ತಕ್ಕಂತೆ ಬೆಳೆದದ್ದರಿಂದ ಹಾಗೆ ಕಾಣುತ್ತದೆ ಎಂದರೂ ಆಗುತ್ತದೆ. ಎರಡನ್ನೂ ಹೇಳಿದೆ. ಅವಳು ತಲೆಯಾಡಿಸಿ, ಫ್ಲಾಸ್ಕಿನಿಂದ ಕಷಾಯ ಬಗ್ಗಿಸಿ ಕೊಟ್ಟಳು.

ಅಲ್ಲಿಯೇ ಮುಕ್ಕಾಲು ಗಂಟೆ ನಿಂತೆವು. ನಾನು ಟೇಪಿನ ತುದಿಗೆ ಬೀಗದ ಕೈಯೊಂದನ್ನು ಕಟ್ಟಿ ಕಟಕಟೆಯಿಂದ ಇಳಿಬಿಟ್ಟು ನೀರಿನ ಮಟ್ಟವನ್ನು ಎರಡು ಸಲ ಅಳೆದೆ. ನಡುವೆ ಮೂರು ಸೆಂಟಿಮೀಟರು ಏರಿತ್ತು. ಹೊರಡುವ ಹೊತ್ತಿಗೆ 58ರ ಮಂಡಿಯ ತುದಿಗೂ ನೀರಿಗೂ ಬೆರಳಗಲ ಉಳಿದಿತ್ತು. ಹಲ್ಲಿ ಪಕ್ಕದ ಕಾಂಡಕ್ಕೆ ಹಾರಿತ್ತು.